ಅಡಿಕೆ ಧಾರಣೆಗೂ ಭೂತಾನಕ್ಕೂ ಏನು ನಂಟು?

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಡಾಕ್ಟರೋ, ಇಂಜಿನಿಯರೋ? ಮಗಳು ‘ಅರ್ಥಶಾಸ್ತ್ರದ ಜೊತೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತೇನೆ’ ಎಂದರೆ ಹೆತ್ತವರಿಗೆ ಗಾಬರಿ. ಓದಿ ಏನು ಮಾಡುತ್ತೀಯಾ ಎಂದು ಕೇಳುವುದು ತಪ್ಪಲ್ಲ. ಆದರೆ ಆ ಓದು ಏನನ್ನು ಕಲಿಸುತ್ತದೆ ಎಂದು ಮೊದಲು ತಿಳಿಯೋಣ.

ಶಿವಮೊಗ್ಗದ ಗಾಂಧಿ ಬಜಾರನ್ನೇ ತೆಗೆದುಕೊಳ್ಳಿ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಇಲ್ಲಿನ ಬಟ್ಟೆ ಅಂಗಡಿ, ಚಿನ್ನಬೆಳ್ಳಿ ಅಂಗಡಿಗಳಲ್ಲಿ ವ್ಯಾಪಾರ ಜೋರು. ಧಾರಣೆ ಕುಸಿದರೆ ಮದುವೆಯ ಜವಳಿಗೂ ಕತ್ತರಿ. ಹಾಗಾದರೆ ಈ ಧಾರಣೆಯನ್ನು ತೀರ್ಮಾನಿಸುವವರು ಯಾರು? ಮಂಡಿಯ ವರ್ತಕರು ಮಾತ್ರವೇ?

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಅನುಮತಿ ನೀಡಿತು. ಮಲೆನಾಡಿನ ಬೆಳೆಗಾರರು ಆತಂಕಗೊಂಡರು. ಮರುವರ್ಷ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಲೆಕ್ಕ ಹಾಕುತ್ತಾನೆ. ಭಾರತದ ಅಡಿಕೆ ಉತ್ಪಾದನೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಅದರಲ್ಲಿ 17,000 ಟನ್ ಶೇ. 2ಕ್ಕಿಂತ ಕಡಿಮೆ. ಹಸಿ ಅಡಿಕೆ ಒಣಗಿದರೆ ತೂಕ ಇನ್ನೂ ಇಳಿಯುತ್ತದೆ. ಅಂದರೆ, ಈ ಆಮದೊಂದರಿಂದಲೇ ಧಾರಣೆ ನೆಲಕಚ್ಚುವುದು ಕಷ್ಟ. ಆದರೆ ಬೇರೆ ದೇಶದ ಮಾಲು ಅದೇ ದಾರಿಯಲ್ಲಿ ನುಸುಳಿದರೆ? ಮಾಲು ಎಲ್ಲಿ ಬೆಳೆದದ್ದು ಎಂಬ ತಪಾಸಣೆ ಬೇಕಾಗುವುದು ಇದಕ್ಕೇ.

ಇಷ್ಟಾದರೂ ‘ಭೂತಾನಕ್ಕೇ ಏಕೆ ಈ ರಿಯಾಯಿತಿ?’ ಎಂಬುದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ಭಾರತ ಮತ್ತು ಚೀನಾದ ನಡುವೆ ಇರುವ ಆ ಪುಟ್ಟ ದೇಶದೊಡನೆ ನಮಗೆ 1949ರಿಂದ ಸ್ನೇಹ ಒಪ್ಪಂದವಿದೆ. ನೆರೆಯವರ ವಿಶ್ವಾಸ ಉಳಿಸಿಕೊಳ್ಳಲೂ ವ್ಯಾಪಾರ ಒಂದು ಸಾಧನ. ಇದನ್ನು ಹೇಳಿಕೊಡುವುದು ಅಂತರರಾಷ್ಟ್ರೀಯ ಸಂಬಂಧಗಳ ಶಾಸ್ತ್ರ. ಬೆಳೆಗಾರನ ಹಿತ, ದೇಶದ ಹಿತ ಎರಡನ್ನೂ ತೂಗಬಲ್ಲವರು ಬೇಕಾದರೆ ಎರಡನ್ನೂ ಓದಿದವರು ಬೇಕು.

ಇನ್ನು ದಾರಿಯ ವಿಚಾರ. ಪದವಿಯಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ತೆಗೆದುಕೊಂಡರೆ ತಳಪಾಯ ಸಿಗುತ್ತದೆ. ಅಂತರರಾಷ್ಟ್ರೀಯ ಸಂಬಂಧಗಳು ರಾಜ್ಯಶಾಸ್ತ್ರದಲ್ಲೇ ಬರುತ್ತವೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ವಿಶ್ವ ಅರ್ಥವ್ಯವಸ್ಥೆಯನ್ನೇ ವಿಶೇಷವಾಗಿ ಕಲಿಸುವ ಎಂ.ಎ. ಇದೆ. ಸಾರ್ಕ್ ದೇಶಗಳು ಸೇರಿ 2010ರಲ್ಲಿ ದೆಹಲಿಯಲ್ಲಿ ಆರಂಭಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯದಲ್ಲಿ ಎರಡಕ್ಕೂ ಪ್ರತ್ಯೇಕ ಎಂ.ಎ. ಇವೆ.

ಪೋಷಕರು ಒಂದು ಅಂಶ ಗಮನಿಸಬೇಕು. ವಿದೇಶಾಂಗ ಸೇವೆಗೆ ಒಯ್ಯುವ ನಾಗರಿಕ ಸೇವಾ ಪರೀಕ್ಷೆಯನ್ನು ಯಾವ ಪದವೀಧರರೂ ಬರೆಯಬಹುದು. ಭಾರತೀಯ ಆರ್ಥಿಕ ಸೇವೆಗೆ ಮಾತ್ರ ಅರ್ಥಶಾಸ್ತ್ರ ಅಥವಾ ಅದರ ನಿಗದಿತ ಶಾಖೆಗಳಲ್ಲೇ ಸ್ನಾತಕೋತ್ತರ ಪದವಿ ಬೇಕು. ಆದ್ದರಿಂದ ಮನಸ್ಸು ಎರಡರ ನಡುವೆ ತೂಗಾಡುತ್ತಿದ್ದರೆ ಎಂ.ಎ.ಗೆ ಅರ್ಥಶಾಸ್ತ್ರವನ್ನು ಹಿಡಿಯುವುದು ಕ್ಷೇಮ.

ಗಣಿತಕ್ಕೆ ಹೆದರಿ ಇತ್ತ ಬರುವವರಿಗೊಂದು ಎಚ್ಚರಿಕೆ: ಉನ್ನತ ಅರ್ಥಶಾಸ್ತ್ರದಲ್ಲಿ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ ಎರಡೂ ಬೇಕು. ಹಾಗಾಗಿ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೂ ಇಲ್ಲಿ ಒಳ್ಳೆಯ ಜಾಗವಿದೆ.

ಮಕ್ಕಳ ಒಲವನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯ ಒಂದಿದೆ. ಒಂದು ತಿಂಗಳು ಪತ್ರಿಕೆಯ ಧಾರಣೆ ಪಟ್ಟಿಯನ್ನೂ ವಿದೇಶ ಸುದ್ದಿಯನ್ನೂ ಓದಲು ಹೇಳಿ. ವಾರಕ್ಕೊಂದು ‘ಏಕೆ’ ಬರೆಯಲಿ. ನಾಲ್ಕನೆಯ ವಾರಕ್ಕೂ ಪ್ರಶ್ನೆ ಬತ್ತದಿದ್ದರೆ, ಧೈರ್ಯವಾಗಿ ಕಳುಹಿಸಿ.