ಹಿಪ್ಪುನೇರಳೆ ಬಂದರಿನ ಸಾಮಾನು ಅಂಗಡಿ

ಮೊಳೆ, ಸುತ್ತಿಗೆ ಮಾರುವ ಅಂಗಡಿಯಲ್ಲಿ ಎಳ್ಳು ಅರೆಯುವ ಬಟ್ಟಲಿಗೇನು ಕೆಲಸ ಎಂದು ಕೇಳಿದ್ದಕ್ಕೆ ಅಣ್ಣನ ಮಗಳು ನಕ್ಕಳು. "ಮೊದಲು ಒಳಗೆ ಬೆರಳಾಡಿಸಿ ನೋಡಿ ಚಿಕ್ಕಪ್ಪ."

ನೋಡಿದೆ. ಹೊರಮೈಗೆ ಕಂದು ಮೆರುಗು, ಒಳಗೆ ಬರೀ ಸುಟ್ಟ ಮಣ್ಣು. ಆ ಮಣ್ಣಿನ ತುಂಬ ನಡುವಿನಿಂದ ಅಂಚಿನವರೆಗೆ ಸಣ್ಣ ಸಣ್ಣ ಗೀರು. ಹಸಿ ಇದ್ದಾಗಲೇ ಬಾಚಣಿಗೆಯಂಥದ್ದೊಂದನ್ನು ಎಳೆದು ಮಾಡಿದ್ದು. ಬಟ್ಟಲಿನ ಹೆಸರು ಸುರಿಬಾಚಿ. ಜೊತೆಗಿರುವುದು ಮರದ ಗುಂಡು, ಸುರಿಕೊಗಿ. ಕಲ್ಲಾದರೆ ಗೀರು ಸವೆದುಹೋಗುತ್ತದೆ, ಅದಕ್ಕೇ ಮರ. ಅದರಲ್ಲೂ ಸಾನ್‌ಶೋ ಮರದ್ದೇ ಮೇಲು ಅನ್ನುತ್ತಾರೆ. ಸಾನ್‌ಶೋ ಬೇರೆ ಯಾವುದೂ ಅಲ್ಲ, ನಮ್ಮ ಕರಾವಳಿಯವರು ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ದಾಯಾದಿ. ಗುಂಡಿನ ಮೇಲೆ ತೊಗಟೆಯ ಗಂಟುಗಳನ್ನು ಹಾಗೇ ಬಿಟ್ಟಿರುತ್ತಾರೆ, ಕೈ ಜಾರದು.

ಇಲ್ಲಿ ಕುಟ್ಟುವ ಮಾತಿಲ್ಲ. ಬಟ್ಟಲನ್ನು ಒದ್ದೆ ಬಟ್ಟೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಗುಂಡಿನ ತಲೆ ಹಿಡಿದು, ಇನ್ನೊಂದರಲ್ಲಿ ಸುತ್ತ ತಿರುಗಿಸುವುದು. ಹುರಿದ ಎಳ್ಳು ಗೀರಿಗೆ ಸಿಕ್ಕು ಹರಿಯುತ್ತದೆ, ನುಣ್ಣಗಾಗುವ ಮುನ್ನವೇ ಘಮ ಬರುತ್ತದೆ. ನಮ್ಮ ಕಡೆ ಸವೆದ ಒರಳುಕಲ್ಲನ್ನು ಉಳಿಯಿಂದ ಒರಟು ಮಾಡಿಕೊಡುವವರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರಲ್ಲ, ಅವರನ್ನು ನೆನೆದೆ.

ಪಕ್ಕದಲ್ಲಿ ಚಹಾ ಬಟ್ಟಲು ಆರಿಸುತ್ತಿದ್ದ ಅಜ್ಜಿಯೊಬ್ಬರು ನನ್ನ ಪರೀಕ್ಷೆಯನ್ನೆಲ್ಲ ನೋಡುತ್ತಿದ್ದರು. ತಮ್ಮ ತಾಯಿ ಇದನ್ನು ಸುರಿಬಾಚಿ ಅನ್ನುತ್ತಲೇ ಇರಲಿಲ್ಲ, ಅತಾರಿಬಾಚಿ ಅನ್ನುತ್ತಿದ್ದರು ಎಂದರು. ಜಪಾನಿಯಲ್ಲಿ 'ಸುರು' ಎಂದರೆ ಅರೆಯುವುದು, ದುಡ್ಡು ಕಳೆದುಕೊಳ್ಳುವುದೂ ಹೌದು. 'ಅತಾರಿ' ಎಂದರೆ ಗುರಿ ತಾಗುವುದು, ಗೆಲ್ಲುವುದು. ವ್ಯಾಪಾರಸ್ಥರ ಬಾಯಲ್ಲಿ ನಷ್ಟದ ಮಾತು ಬರಬಾರದೆಂದು ಹೆಸರನ್ನೇ ತಿರುಗಿಸಿದರು. ಬಳೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನುವ, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಜ್ಜಿ ಇನ್ನೊಂದನ್ನೂ ಸೇರಿಸಿದರು: ಎಳ್ಳು ಅರೆಯುವುದು ಎಂದರೆ ಅವರಲ್ಲಿ ಮುಖಸ್ತುತಿ. ನಮ್ಮಲ್ಲಿ ಬೆಣ್ಣೆ ಹಚ್ಚುತ್ತಾರೆ, ಅಲ್ಲಿ ಎಳ್ಳು.

ಇಷ್ಟು ಹೊತ್ತಾದರೂ ಅಂಗಡಿ ಎಲ್ಲಿದೆ ಎಂದೇ ಹೇಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಜಪಾನ್‌ಟೌನ್‌ನಲ್ಲಿ, ಪೋಸ್ಟ್ ಬೀದಿಯ ಮೂಲೆಯಲ್ಲಿ. ಹೆಸರು ಸೋಕೊ ಹಾರ್ಡ್‌ವೇರ್. ಹಳೆಯ ಜಪಾನಿ ವಲಸಿಗರು ಈ ಊರನ್ನು ಸೋಕೊ ಎಂದೇ ಕರೆಯುತ್ತಿದ್ದರು. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ಹಿಪ್ಪುನೇರಳೆ ಮತ್ತು ಬಂದರು. 'ಸ್ಯಾನ್' ಎಂಬ ಸದ್ದಿಗೆ ಹತ್ತಿರದ ಅಕ್ಷರ ಹುಡುಕಿದಾಗ ಸಿಕ್ಕಿದ್ದು, ಅಷ್ಟೆ. ರಾಮನಗರದವನಾದ ನನಗೆ ಮಾತ್ರ ಊರು ತಟಕ್ಕನೆ ನೆಂಟರ ಮನೆಯಾಯಿತು.

ಅಂಗಡಿ ಶುರುವಾದದ್ದು 1925ರಲ್ಲಿ. 1906ರ ಭೂಕಂಪದ ನಂತರ ಜಪಾನಿಯರು ಈ ಭಾಗಕ್ಕೆ ಬಂದು ನೆಲೆಸಿದ್ದರು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. ಇಲ್ಲಿಯವರಲ್ಲಿ ಬಹಳಷ್ಟು ಜನರನ್ನು ಮೊದಲು ಇರಿಸಿದ್ದು ಟ್ಯಾನ್‌ಫೊರಾನ್ ರೇಸ್‌ಕೋರ್ಸಿನ ಕುದುರೆ ಲಾಯಗಳಲ್ಲಿ, ಆಮೇಲೆ ಯೂಟಾದ ಮರುಭೂಮಿಯಲ್ಲಿ. ಮರಳಿ ಬಂದು ಬೇರೂರಿದರೆ 1960ರ ದಶಕದಲ್ಲಿ ನಗರ ನವೀಕರಣದವರು ಬೀದಿ ಬೀದಿಗಳನ್ನೇ ಕೆಡವಿದರು. ಐದು ಅಂತಸ್ತಿನ ಶಾಂತಿ ಪಗೋಡ, ಜಪಾನ್ ಸೆಂಟರ್ ಎಂಬ ಮಳಿಗೆ ಸಂಕೀರ್ಣ ಎಲ್ಲ 1968ರ ಸೊಬಗು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವುದು ಅಲ್ಲೇ.

ನನ್ನ ಮೊದಲ ಪ್ರಶ್ನೆಗೆ ಉತ್ತರ ಗೋಡೆಯ ಮೇಲಿತ್ತು. ಜಪಾನಿ ಗರಗಸವನ್ನು ತಳ್ಳಿ ಅಲ್ಲ, ತಮ್ಮ ಕಡೆಗೆ ಎಳೆದು ಕೊಯ್ಯುತ್ತಾರೆ. ಎಳೆತಕ್ಕೆ ಅಲಗು ಬಾಗದು, ಹಾಗಾಗಿ ಕಾಗದದಷ್ಟು ತೆಳುವಿದ್ದರೂ ನಡೆಯುತ್ತದೆ. ಉಜ್ಜುಗೊರಡೂ ಎಳೆಯುವಂಥದ್ದೇ. ಅದನ್ನೇ ಮಗುಚಿ ಪೆಟ್ಟಿಗೆಯ ಮೇಲೆ ಕೂರಿಸಿದರೆ, ಕಟ್ಟಿಗೆಯಷ್ಟು ಗಟ್ಟಿಯಾದ ಒಣಮೀನು ಕಾತ್ಸುವೊಬುಶಿಯನ್ನು ಹೆರೆಯುವ ಅಡುಗೆ ಸಾಧನ! ಬಡಗಿಗೂ ಅಡುಗೆಯವರಿಗೂ ಒಂದೇ ಅಂಗಡಿ ಸಾಲುತ್ತದೆ.

ದಿನಸಿಗೆ ಜಪಾನ್ ಸೆಂಟರಿನ ನಿಜಿಯಾ ಮಾರ್ಕೆಟ್‌ಗೆ ಹೋದೆವು. ಸೋಯಾ ಹುದುಗಿಸಿದ ಮಿಸೊ, ಕಡಲಪಾಚಿ ಕೊಂಬು, ಉಪ್ಪುಹುಳಿಯ ಉಮೆಬೋಶಿ ಎಲ್ಲ ನೋಡುತ್ತ ಹೋದರೂ ಮನಸ್ಸಿಗೆ ನಾಟಿದ್ದು ಕೊಕುಹೊ ರೋಸ್ ಅಕ್ಕಿಯ ಕಥೆ. ಕ್ಯಾಲಿಫೋರ್ನಿಯಾದಲ್ಲಿ ಭತ್ತ ಬೆಳೆದು ಹೆಸರಾದ ಕೇಸಾಬುರೊ ಕೋಡಾ ಶಿಬಿರದಿಂದ ಮರಳುವಷ್ಟರಲ್ಲಿ ಒಳ್ಳೆಯ ಜಮೀನು ಕೈತಪ್ಪಿತ್ತು. ಉಳಿದ ನೆಲದಲ್ಲಿ ಆ ಕುಟುಂಬ ಮತ್ತೆ ಬೆಳೆದು ತಂದ ತಳಿ ಇದು.

ಹಿಂದಿರುಗುವಾಗ ಅಣ್ಣನ ಮಗಳು ಬೆಂಕ್ಯೊಡೊ ಇದ್ದ ಜಾಗವನ್ನು ತೋರಿಸಿದಳು. 1906ರಿಂದ ಮೋಚಿ ಎಂಬ ಅಕ್ಕಿಯ ಸಿಹಿ ಮಾಡಿ ಮಾರುತ್ತಿದ್ದ ಅಂಗಡಿ, 2022ರಲ್ಲಿ ಬಾಗಿಲು ಹಾಕಿತು. ಕಾಲೇಜು ದಿನಗಳಲ್ಲಿ ತಾನು ಅಲ್ಲಿ ಸಾಲು ನಿಂತದ್ದನ್ನು ಹೇಳುತ್ತ ಅರ್ಧಕ್ಕೇ ಸುಮ್ಮನಾದಳು.

ರಾತ್ರಿ ಹೊಸ ಸುರಿಬಾಚಿಯಲ್ಲಿ ಎಳ್ಳು ಅರೆದೆವು. ಮಿಕ್ಸಿ ಪಕ್ಕದಲ್ಲೇ ತೆಪ್ಪಗೆ ಕೂತಿತ್ತು. ಅನ್ನಕ್ಕೆ ಕಲಸಿ ಉಂಡಿದ್ದಾಯಿತು, ಎಷ್ಟು ತೊಳೆದರೂ ಗೀರಿನ ಸಂದಿಯ ಎಳ್ಳು ಹೋಗಲೊಲ್ಲದು. ಅದಕ್ಕೆ ಸಸಾರ ಎಂಬ ಬಿದಿರುಕಡ್ಡಿಯ ಕುಂಚವೇ ಆಗಬೇಕಂತೆ. ತರಲು ಮರೆತಿದ್ದೆವು.

"ಮುಂದಿನ ಶನಿವಾರ ಹೋಗಿ ತರೋಣ ಚಿಕ್ಕಪ್ಪ" ಎಂದಳು. ನನ್ನ ವಿಮಾನ ಗುರುವಾರಕ್ಕಿತ್ತು.