ಕಂದು ಹಾಕಿದ ಹಸುವೂ ಬಿಡದ ಜ್ವರವೂ

ಕೊಟ್ಟಿಗೆಯಿಲ್ಲದ ತೋಟ ನಮ್ಮ ಸೀಮೆಯಲ್ಲಿ ಅಪರೂಪ. ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆಂದೇ ನಾಲ್ಕಾರು ದನ ಕಟ್ಟಿಕೊಂಡಿರುವವರು ನಮ್ಮ ಸದಸ್ಯರಲ್ಲಿ ಬಹಳ ಮಂದಿ ಇದ್ದಾರೆ. ಬೆಟ್ಟದಿಂದ ಸೊಪ್ಪು, ದರಕು ತಂದು ಹಾಸಿ, ದನ ತುಳಿದದ್ದನ್ನು ಗುಂಡಿಗೆ ಹಾಕಿ, ಕಳಿತ ಮೇಲೆ ಅಡಿಕೆಯ ಬುಡಕ್ಕೂ ಕಾಫಿಯ ಬುಡಕ್ಕೂ ಹೊರುವುದು ಹಿಂದಿನಿಂದ ನಡೆದು ಬಂದ ಕ್ರಮ. ಈ ಕೊಟ್ಟಿಗೆಯಿಂದಲೇ ಗೊಬ್ಬರ, ಹಾಲುಗಳ ಜೊತೆಗೆ ಕಾಯಿಲೆಯೂ ಮನೆಯೊಳಕ್ಕೆ ಬರಬಹುದೆಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಜಾನುವಾರುಗಳಿಂದ ಮನುಷ್ಯರಿಗೆ ತಗಲುವ ರೋಗಗಳು ಒಂದೆರಡಲ್ಲ. ನೆರಡಿ ರೋಗ, ಇಲಿಜ್ವರ, ಹುಚ್ಚುನಾಯಿ ಕಚ್ಚಿದ ದನದಿಂದ ಬರುವ ಅಪಾಯ ಮುಂತಾದವುಗಳ ವಿಚಾರ ಸದಸ್ಯರು ಕೇಳಿಯೇ ಇರುತ್ತಾರೆ. ಅವೆಲ್ಲವನ್ನೂ ಒಂದೇ ಲೇಖನದಲ್ಲಿ ತುರುಕುವುದು ಬೇಡವೆಂದು ಈ ಸಲ ಒಂದನ್ನೇ ಎತ್ತಿಕೊಂಡಿದ್ದೇವೆ. ಅದು ಬ್ರುಸೆಲ್ಲೋಸಿಸ್, ನಮ್ಮ ಮಾತಿನಲ್ಲಿ ಕಂದು ರೋಗ. ಇದರಲ್ಲಿ ದನ ಸಾಯುವುದಿಲ್ಲ, ಮನುಷ್ಯನೂ ಸಾಮಾನ್ಯವಾಗಿ ಸಾಯುವುದಿಲ್ಲ. ಆದುದರಿಂದಲೇ ಇದಕ್ಕೆ ಹೆದರುವವರು ಕಡಿಮೆ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಅಡಿಕೆ ಕೊಯ್ಲಿನ ಗಡಿಬಿಡಿಯ ದಿನಗಳು. ಏಳು ತಿಂಗಳ ಗಬ್ಬದ ಹಸುವೊಂದು ಕಂದು ಹಾಕಿತು. ಮಾಸು (ಕೆಲವು ಕಡೆ ಕಸ, ಸತ್ತೆ ಎಂದೂ ಹೇಳುತ್ತಾರೆ) ಬೀಳದೆ ಅರ್ಧಕ್ಕೆ ಜೋತುಬಿದ್ದಿತ್ತು. ಪಶುವೈದ್ಯರಿಗಾಗಿ ಕಾಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ತೋಟದ ಕೆಲಸಕ್ಕೆ ಬರುವ ಒಬ್ಬರು, ಇಂತಹ ಕೆಲಸದಲ್ಲಿ ಕೈ ಪಳಗಿದವರು, ಬರಿಗೈಯಲ್ಲೇ ಅದನ್ನು ತೆಗೆದರು. ಅಡಿಕೆ ಸುಲಿದು ಬೆರಳುಗಳಲ್ಲಿ ಕತ್ತಿಯ ಗಾಯಗಳಿದ್ದವು. ಕಂದನ್ನೂ ಮಾಸನ್ನೂ ಗೊಬ್ಬರದ ಗುಂಡಿಯ ಮೂಲೆಗೆ ಹಾಕಿ ಮೇಲೆ ಸೊಪ್ಪು ಎಳೆದದ್ದಾಯಿತು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಜ್ವರ ಬಂತು. ಬೆಳಿಗ್ಗೆ ಎದ್ದರೆ ಪರವಾಗಿಲ್ಲ, ಸಂಜೆಗೆ ಏರುತ್ತದೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು. ಸೊಂಟ, ಮಂಡಿ ಹಿಡಿದುಕೊಂಡವು. ಟೈಫಾಯಿಡ್ ಇರಬಹುದೆಂದು ಔಷಧ ಕೊಟ್ಟರು, ಮಲೇರಿಯಾಕ್ಕೆ ರಕ್ತ ನೋಡಿದರು. ಜ್ವರ ಎಂಟು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಮೈಗಳ್ಳತನವೆಂದು ಆಡಿಕೊಂಡವರೂ ಇದ್ದರು. ನಾಲ್ಕು ತಿಂಗಳ ಕೂಲಿ ಹೋದ ಮೇಲೆ, ಬೇರೊಬ್ಬ ಡಾಕ್ಟರು "ಮನೆಯಲ್ಲಿ, ಕೆಲಸದ ಕಡೆ ದನ ಇದೆಯೇ? ಯಾವುದಾದರೂ ಕಂದು ಹಾಕಿತ್ತೇ?" ಎಂದು ಕೇಳಿದರು. ಆ ಪ್ರಶ್ನೆಯಿಂದ ರೋಗ ಪತ್ತೆಯಾಯಿತು. ಅಷ್ಟರಲ್ಲಿ ಹಸುವನ್ನು ಮಾರಿಯಾಗಿತ್ತು. ಕೊಂಡವರಿಗೆ ಅದು ಕಂದು ಹಾಕಿದ ವಿಷಯ ಹೇಳಿರಲಿಲ್ಲ ಎಂಬುದನ್ನೂ ಬರೆಯದೆ ಗತ್ಯಂತರವಿಲ್ಲ.

ಈ ರೋಗದ ಚರಿತ್ರೆ ಸ್ವಾರಸ್ಯವಾದದ್ದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಬಿಡದ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಅದರ ರೋಗಾಣುವನ್ನು ಕಂಡುಹಿಡಿದರು. ರೋಗದ ಈಗಿನ ಹೆಸರು ಅವರಿಂದಲೇ ಬಂದದ್ದು. ಆದರೆ ರೋಗಾಣು ಎಲ್ಲಿಂದ ಬರುತ್ತದೆಂಬುದು ಇನ್ನೂ ಹದಿನೆಂಟು ವರ್ಷ ಗೊತ್ತಾಗಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಜಮಿತ್ ಎಂಬ ವೈದ್ಯರು, ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲಿ ಅದು ಇರುವುದನ್ನು ತೋರಿಸಿಕೊಟ್ಟರು. ಮರುವರ್ಷ ಸೈನ್ಯದವರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದರು. ಸೈನಿಕರಲ್ಲಿ ಜ್ವರ ಬಹುತೇಕ ನಿಂತೇ ಹೋಯಿತು. ಊರಿನ ಜನ ಎಂದಿನಂತೆ ಹಸಿ ಹಾಲು ಕುಡಿದರು, ಎಂದಿನಂತೆ ಜ್ವರದಿಂದ ನರಳಿದರು.

ದನಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್ 1897ರಲ್ಲಿ ಪತ್ತೆ ಮಾಡಿದ್ದರು. ಇದೂ ಮಾಲ್ಟಾದ ಜ್ವರದ ರೋಗಾಣುವೂ ಒಂದೇ ಮನೆತನದವು ಎಂದು 1918ರಲ್ಲಿ ಹೇಳಿದವರು ಅಮೆರಿಕದ ಆಲಿಸ್ ಇವಾನ್ಸ್ ಎಂಬ ಮಹಿಳೆ. ಹಾಲನ್ನು ಕಾಯಿಸದೆ ಕುಡಿಯಬಾರದೆಂಬ ಅವರ ಮಾತನ್ನು ಬಹಳ ಮಂದಿ ವಿಜ್ಞಾನಿಗಳೂ ಹಾಲಿನ ವ್ಯಾಪಾರಸ್ಥರೂ ಮೊದಲು ನಂಬಲೇ ಇಲ್ಲ. 1922ರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಲೇ ಅವರಿಗೆ ಈ ರೋಗ ತಗಲಿ, ಅನೇಕ ವರ್ಷ ಕಾಡಿತು.

ಇನ್ನು ರೋಗ ಹರಡುವ ಬಗೆ. ಈ ರೋಗಾಣು ಗಬ್ಬದ ಹಸುವಿನ ಗರ್ಭಕೋಶದಲ್ಲೂ ಕೆಚ್ಚಲಿನಲ್ಲೂ ನೆಲೆಸುತ್ತದೆ. ಐದು ತಿಂಗಳು ತುಂಬಿದ ಮೇಲೆ ಹಸು ಕಂದು ಹಾಕುವುದು ಇದರ ಮುಖ್ಯ ಲಕ್ಷಣ. ಮಾಸು ಹೊತ್ತಿಗೆ ಸರಿಯಾಗಿ ಬೀಳದಿರುವುದು ಎರಡನೆಯದು. ಕಂದು, ಮಾಸು ಮತ್ತು ಅವುಗಳ ಜೊತೆ ಬರುವ ನೀರಿನಲ್ಲಿ ರೋಗಾಣುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಮೂಸಿದ, ನೆಕ್ಕಿದ, ಆ ಜಾಗದ ಹುಲ್ಲು ತಿಂದ ಪಕ್ಕದ ಹಸುವಿಗೆ ಅದು ಹತ್ತುತ್ತದೆ. ಮನುಷ್ಯನಿಗೆ ಗಾಯದ ಮೂಲಕ, ಕಣ್ಣಿಗೆ ಸಿಡಿದ ಹನಿಯ ಮೂಲಕ, ಉಸಿರಿನ ಮೂಲಕ ಮತ್ತು ಹಸಿ ಹಾಲಿನ ಮೂಲಕ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದು ಬಹಳ ಅಪರೂಪ.

ಬಿಸಿಲಿಗೆ ಬಿದ್ದರೆ ಈ ರೋಗಾಣು ಬೇಗ ಸಾಯುತ್ತದೆ. ತಂಪು, ತೇವ, ನೆರಳು ಇದ್ದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಮರದಡಿಯ ನಮ್ಮ ಕೊಟ್ಟಿಗೆಗಳು, ಆಷಾಢದಲ್ಲಿ ನೀರು ಜಿನುಗುವ ಗೊಬ್ಬರದ ಗುಂಡಿಗಳು ಹೇಗಿರುತ್ತವೆಂದು ಸದಸ್ಯರಿಗೆ ನಾವು ವಿವರಿಸಬೇಕಾಗಿಲ್ಲ.

ಆದುದರಿಂದ ಕಂದು ಹಾಕಿದ ದಿನದ ಕೆಲಸವೇ ಇಡೀ ವಿಷಯದಲ್ಲಿ ಮುಖ್ಯವಾದದ್ದು. ಬರಿಗೈಯಲ್ಲಿ ಏನನ್ನೂ ಮುಟ್ಟಕೂಡದು. ಮೊಣಕೈ ದಾಟುವ ಕೈಚೀಲಗಳು ಔಷಧದ ಅಂಗಡಿಗಳಲ್ಲಿ ದೊರೆಯುತ್ತವೆ. ಒಂದೆರಡು ಜೊತೆ ತಂದು ಕೊಟ್ಟಿಗೆಯ ಗಳಕ್ಕೆ ಸಿಕ್ಕಿಸಿಟ್ಟರೆ ಬೇಕಾದಾಗ ಹುಡುಕುವುದು ತಪ್ಪುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಸುರಿಯರು, ಮಕ್ಕಳು ಹತ್ತಿರ ಬರಬಾರದು. ನಿಂತ ಮಾಸನ್ನು ಎಳೆದು ತೆಗೆಯುವ ಸಾಹಸ ಬೇಡ, ಅದು ಪಶುವೈದ್ಯರ ಕೆಲಸ. ಬಿದ್ದ ಕಂದು, ಮಾಸು, ಅಡಿಯಲ್ಲಿದ್ದ ಸೊಪ್ಪು ಹುಲ್ಲು ಎಲ್ಲವನ್ನೂ ಸೇರಿಸಿ, ಬಾವಿಗೂ ಹಳ್ಳಕ್ಕೂ ದೂರವಾಗಿ, ಕನಿಷ್ಠ ನಾಲ್ಕು ಅಡಿ ಆಳದ ಗುಂಡಿಯಲ್ಲಿ ಹಾಕಿ, ಸುಣ್ಣ ಸುರಿದು, ಮಣ್ಣು ಮುಚ್ಚಿ, ನಾಯಿ ನರಿ ಕೆದಕದಂತೆ ಮೇಲೆ ಕಲ್ಲು ಹೇರಬೇಕು. ಸುಣ್ಣಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದದ್ದರಲ್ಲಿ ಉಳಿದದ್ದು ಗಾಳಿಗೆ ಬೂದಿಯಾಗಿರದಿದ್ದರೆ ಅದನ್ನೇ ಉಪಯೋಗಿಸಬಹುದು. ಹಸು ನಿಂತ ನೆಲಕ್ಕೂ ಸುಣ್ಣದ ತಿಳಿಯನ್ನೋ ಫಿನಾಯಿಲನ್ನೋ ಹಾಕಿ ತೊಳೆಯಬೇಕು. ಆಮೇಲೆ ಕೈ ಕಾಲು ಸಾಬೂನಿನಿಂದ ತೊಳೆದು, ಉಟ್ಟ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಬೇಕು.

ಇಲ್ಲಿ ಒಂದು ಮಾತು. ಕರು ಹಾಕಿದ ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಹಾಲು ಬರುವ ಆಲದಂತಹ ಮರಕ್ಕೆ ಕಟ್ಟುವ ಪದ್ಧತಿ ಅನೇಕ ಊರುಗಳಲ್ಲಿದೆ. ಹಸುವಿಗೆ ಹಾಲು ಹೆಚ್ಚಲಿ ಎಂಬ ಹಿರಿಯರ ಆಶಯವನ್ನು ನಾವು ಹಳಿಯುವುದಿಲ್ಲ. ಆದರೆ ಕಾಗೆ ಎಳೆದದ್ದು ಕೆಳಗೆ ಬೀಳುತ್ತದೆ, ನಾಯಿ ಕಚ್ಚಿಕೊಂಡು ಊರೆಲ್ಲ ಸುತ್ತುತ್ತದೆ, ಆ ಮರದ ಕೆಳಗೇ ಹತ್ತು ಮನೆಯ ದನ ಮಲಗುತ್ತವೆ. ಮರದ ಬುಡದಲ್ಲಿ ಆಳವಾಗಿ ಹೂಳಿದರೆ ಆಶಯಕ್ಕೂ ಊನವಾಗದೆಂದು ನಮ್ಮ ಅಭಿಪ್ರಾಯ.

ಹಾಲಿನ ವಿಷಯದಲ್ಲಿ ಹೇಳುವುದು ಕಡಿಮೆ. ಕುದಿಸಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಕಾಫಿಗೆ, ಹೆಪ್ಪಿಗೆ ನಾವು ಹೇಗೂ ಕಾಯಿಸುತ್ತೇವೆ. ಗಿಣ್ಣು ಕೂಡ ಬೆಂದೇ ಎಲೆಗೆ ಬರುತ್ತದೆ. ಉಳಿದದ್ದು ಕರೆದ ಬಿಸಿಗೇ ಕುಡಿಯುವ ನೊರೆಹಾಲು, ನಾಟಿ ಔಷಧಕ್ಕೆ ಬೆರೆಸುವ ಹಸಿ ಹಾಲು, ಪಂಚಾಮೃತದ ಹಾಲು. ಈ ಮೂರಕ್ಕೂ ಕಾಯಿಸಿ ಆರಿಸಿದ ಹಾಲನ್ನೇ ಬಳಸುವುದು ಕ್ಷೇಮ. ಆಡು ಸಾಕಿದವರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ, ಏಕೆಂದರೆ ಆಡಿನಿಂದ ಬರುವ ಬಗೆ ಹಸುವಿನದಕ್ಕಿಂತ ತೀವ್ರವಾದದ್ದು.

ಕಂದು ಹಾಕಿದ ಹಸುವನ್ನು ಸ್ರಾವ ಪೂರ್ತಿ ನಿಲ್ಲುವವರೆಗೆ, ಸಾಧಾರಣವಾಗಿ ಮೂರು ನಾಲ್ಕು ವಾರ, ಉಳಿದ ದನಗಳಿಂದ ಬೇರೆ ಕಟ್ಟಬೇಕು. ಅದರ ಸಗಣಿ, ಹಾಸಿನ ಸೊಪ್ಪು ಸಾಮಾನ್ಯ ಗುಂಡಿಗೆ ಹೋಗದೆ ಪ್ರತ್ಯೇಕವಾಗಿರಲಿ. ಕಂದು ಹಾಕಿದ್ದೆಲ್ಲವೂ ಕಂದು ರೋಗವೇ ಆಗಬೇಕಾಗಿಲ್ಲ. ಜಾರಿ ಬಿದ್ದರೂ, ವಿಷದ ಸೊಪ್ಪು ತಿಂದರೂ, ಬೇರೆ ಸೋಂಕಿನಿಂದಲೂ ಹೀಗಾಗಬಹುದು. ಪಶುವೈದ್ಯರು ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿದರೆ ತಿಳಿಯುತ್ತದೆ.

ಪರೀಕ್ಷೆಯಲ್ಲಿ ರೋಗವಿದೆಯೆಂದು ಬಂದರೆ ಮುಂದೇನು ಎಂಬುದು ಕಷ್ಟದ ಪ್ರಶ್ನೆ. ದನಗಳಲ್ಲಿ ಇದನ್ನು ಔಷಧ ಕೊಟ್ಟು ಗುಣಪಡಿಸುವುದು ಕಾರ್ಯಸಾಧ್ಯವಲ್ಲ. ಅನೇಕ ದೇಶಗಳಲ್ಲಿ ಅಂತಹ ದನಗಳನ್ನು ಕೊಂದು, ಮಾಲೀಕರಿಗೆ ಪರಿಹಾರ ಕೊಟ್ಟು ರೋಗ ತೊಲಗಿಸಿದರು. ಅದು ನಮ್ಮಲ್ಲಿ ಮನಸ್ಸಿಗೆ ಒಗ್ಗದು. ಬೇರೆ ಕಟ್ಟಿ ಸಾಕುವುದೊಂದೇ ನಮಗಿರುವ ದಾರಿ. ಅದರ ಖರ್ಚು ಚಿಕ್ಕ ಹಿಡುವಳಿಯವರಿಗೆ ಭಾರವೆಂಬುದನ್ನು ಬಲ್ಲೆವು. ಅದಕ್ಕಾಗಿಯೇ ಸಂತೆಗೆ ಹೊಡೆದು ಕೈತೊಳೆದುಕೊಳ್ಳುವ ಆಸೆ ಹುಟ್ಟುತ್ತದೆ. ಹಾಗೆ ಮಾರಿದ ಹಸು ನಮ್ಮಂತಹುದೇ ಇನ್ನೊಬ್ಬ ಬೆಳೆಗಾರರ ಕೊಟ್ಟಿಗೆಗೆ ಹೋಗುತ್ತದೆ. ಅಲ್ಲಿ ಮಾಸು ತೆಗೆಯುವ ಕೈ ಇನ್ನಾರದೋ ಕೂಲಿಯವರದು.

ರೋಗ ಬರುವ ಮೊದಲೇ ತಡೆಯುವ ಉಪಾಯ ಮಾತ್ರ ಸುಲಭವಾಗಿದೆ. ಕೊಳೆರೋಗಕ್ಕೆ ನಾವು ಮಳೆಗೆ ಮುಂಚೆ ಔಷಧ ಹೊಡೆಯುತ್ತೇವೆಯೇ ಹೊರತು ಕಾಯಿ ಉದುರಿದ ಮೇಲಲ್ಲ. ಅದೇ ರೀತಿ ನಾಲ್ಕರಿಂದ ಎಂಟು ತಿಂಗಳ ಒಳಗಿನ ಹೆಣ್ಣುಕರುವಿಗೆ ಒಂದು ಸಲ ಲಸಿಕೆ ಹಾಕಿಸಿದರೆ ಹಲವು ವರ್ಷಗಳ ರಕ್ಷಣೆ ದೊರೆಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರದ ಜೊತೆಗೆ ಈ ರೋಗವನ್ನೂ ಸೇರಿಸಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಗಂಡುಕರುವಿಗೂ ಗಬ್ಬದ ಹಸುವಿಗೂ ಇದನ್ನು ಹಾಕಿಸಬಾರದು. ಇದರಲ್ಲಿ ಜೀವಂತ ರೋಗಾಣು ಇರುವುದರಿಂದ, ಕರು ಹಿಡಿದುಕೊಂಡವರಿಗೆ ಅಕಸ್ಮಾತ್ ಸೂಜಿ ಚುಚ್ಚಿದರೆ ಅಥವಾ ಕಣ್ಣಿಗೆ ಸಿಡಿದರೆ ಅಂದೇ ಆಸ್ಪತ್ರೆಗೆ ಹೋಗಿ ಕಾರಣ ಹೇಳಬೇಕು.

ಮನುಷ್ಯರ ಚಿಕಿತ್ಸೆಯ ಬಗ್ಗೆ. ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತದೆ, ಔಷಧದಿಂದ ಗುಣವೂ ಆಗುತ್ತದೆ. ಆದರೆ ಎರಡು ಬಗೆಯ ಔಷಧಗಳನ್ನು ಸೇರಿಸಿ, ಸಾಮಾನ್ಯವಾಗಿ ಆರು ವಾರ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದುಂಟು. ಬಹುಕಾಲ ಬಿಟ್ಟರೆ ಬೆನ್ನೆಲುಬಿಗೆ, ಕೀಲುಗಳಿಗೆ, ಗಂಡಸರಲ್ಲಿ ವೃಷಣಕ್ಕೆ ತೊಂದರೆಯಾಗಬಹುದು. ಎರಡು ವಾರ ದಾಟಿದ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಲಿ ಬಿಡಲಿ, ನಮ್ಮ ಮನೆಯಲ್ಲಿ ದನವಿದೆ, ಇಂತಹ ತಿಂಗಳಲ್ಲಿ ಒಂದು ಕಂದು ಹಾಕಿತ್ತು ಎಂದು ನಾವೇ ಹೇಳಬೇಕು. ಕೆಲಸಕ್ಕೆ ಬರುವವರಿಗೆ ಜ್ವರವಾದರೆ ಅವರಿಗೂ ಇದನ್ನು ತಿಳಿಸಿ ಕಳುಹಿಸಬೇಕು.

ಕೊನೆಯದಾಗಿ, ಸದಸ್ಯರಿಂದ ನಮಗೆ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ: "ಹೋದ ವರ್ಷ ಕಂದು ಹಾಕಿದ ಹಸು ಈ ವರ್ಷ ಸರಿಯಾಗಿ ಕರು ಹಾಕಿತು, ಇನ್ನು ಭಯವಿಲ್ಲವಲ್ಲ?" ಭಯವಿದೆ. ಒಮ್ಮೆ ಕಂದು ಹಾಕಿದ ರೋಗದ ಹಸು ಮುಂದಿನ ಸೂಲುಗಳಲ್ಲಿ ದಿನ ತುಂಬಿ ಕರು ಹಾಕುವುದೇ ಹೆಚ್ಚು. ಆಗಲೂ ಮಾಸಿನಲ್ಲಿ, ಹಾಲಿನಲ್ಲಿ ರೋಗಾಣು ಬರುತ್ತಿರಬಹುದು. ಆದುದರಿಂದ ಪ್ರತಿ ಸೂಲಿಗೂ ಕೈಚೀಲ, ಸುಣ್ಣ, ಆಳದ ಗುಂಡಿ ಬೇಕೇ ಬೇಕು. ಹೊಸ ಹಸು ಕೊಳ್ಳುವವರು ಹಲ್ಲು, ಕೆಚ್ಚಲು ನೋಡುವುದರ ಜೊತೆಗೆ ಕಿವಿಯ ಬಿಲ್ಲೆಯ 12 ಅಂಕಿಗಳನ್ನು ಬರೆದುಕೊಂಡು ಪಶು ಆಸ್ಪತ್ರೆಯಲ್ಲಿ ತೋರಿಸಿದರೆ, ಕರುವಾಗಿದ್ದಾಗ ಲಸಿಕೆ ಹಾಕಿದ್ದು ದಾಖಲಾಗಿದೆಯೇ ಎಂದು ನೋಡಿ ಹೇಳುತ್ತಾರೆ. ಮನೆಯಲ್ಲೇ ಹುಟ್ಟಿದ ಹೆಣ್ಣುಕರುವಾದರೆ ಹುಟ್ಟಿದ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿ. ಎಂಟು ತಿಂಗಳು ಹೋದದ್ದೇ ಗೊತ್ತಾಗುವುದಿಲ್ಲ.