ವ್ಯೋಮಯಾನದ ಇತಿಹಾಸಕಾರ ವಿಲ್ಲಿ ಲೇ

1969ನೆಯ ಇಸವಿ ಜುಲೈ 20ರಂದು ಮಾನವನು ಚಂದ್ರಲೋಕದಲ್ಲಿ ಇಳಿದನು. ಆ ಘಳಿಗೆಗಾಗಿ ನಲವತ್ತಮೂರು ವರ್ಷಗಳ ಕಾಲ ಜನಮನವನ್ನು ತಮ್ಮ ಬರವಣಿಗೆಯಿಂದ ಅಣಿಗೊಳಿಸಿದ್ದ ಲೇಖಕರೊಬ್ಬರು ಮಾತ್ರ ಅದನ್ನು ಕಾಣಲಿಲ್ಲ. ಅದಕ್ಕೆ ಕೇವಲ 26 ದಿನ ಮೊದಲು, ಜೂನ್ 24ರಂದು, ಅವರು ನ್ಯೂಯಾರ್ಕ್ ನಗರದಲ್ಲಿ ಕಾಲವಶರಾಗಿದ್ದರು. ಅವರೇ ವಿಲ್ಲಿ ಲೇ. ರಾಕೆಟ್ಟುಗಳನ್ನು ನಿರ್ಮಿಸಿದವರ ಹೆಸರು ಲೋಕವಿಖ್ಯಾತವಾಗಿದೆ. ಆ ನಿರ್ಮಾಣದ ಕಥೆಯನ್ನು ಕ್ರಮವಾಗಿ ಬರೆದಿಟ್ಟವರ ಹೆಸರು ಅಷ್ಟಾಗಿ ಬಳಕೆಯಲ್ಲಿಲ್ಲ. ಈ ಕಾರಣದಿಂದಲೇ ಲೇ ಅವರ ಜೀವನಕಾರ್ಯವು ಪರಿಶೀಲನಾರ್ಹವಾಗಿದೆ.

ಲೇ ಅವರು 1906ರ ಅಕ್ಟೋಬರ್ 2ರಂದು ಬರ್ಲಿನ್ ನಗರದಲ್ಲಿ ಜನಿಸಿದರು. ಅವರ ಮೊದಲ ಒಲವು ಪ್ರಾಣಿಶಾಸ್ತ್ರ ಹಾಗೂ ಪ್ರಾಚೀನ ಜೀವಿಗಳ ಅವಶೇಷಗಳ ಅಧ್ಯಯನದ ಕಡೆಗಿದ್ದಿತು. 1923ರಲ್ಲಿ ಹರ್ಮನ್ ಓಬರ್ತ್ ಎಂಬ ವಿದ್ವಾಂಸರು ರಾಕೆಟ್ಟಿನ ಮೂಲಕ ಗ್ರಹಾಂತರ ಯಾನವು ಸಾಧ್ಯವೆಂದು ಪ್ರತಿಪಾದಿಸುವ ಗ್ರಂಥವೊಂದನ್ನು ಪ್ರಕಟಿಸಿದರು. ಆ ಗ್ರಂಥವು ಗಣಿತ ಸಮೀಕರಣಗಳಿಂದ ತುಂಬಿದ್ದು, ಸಾಮಾನ್ಯ ಓದುಗನಿಗೆ ಕಬ್ಬಿಣದ ಕಡಲೆಯಾಗಿದ್ದಿತು. ಅದರ ಸಾರವನ್ನು ಸರಳ ಭಾಷೆಯಲ್ಲಿ ತಿಳಿಸುವ ಸಂಕಲ್ಪದಿಂದ ತರುಣ ಲೇ 1926ರಲ್ಲಿ ತಮ್ಮ ಪ್ರಥಮ ಪುಸ್ತಕವನ್ನು ಹೊರತಂದರು. ಆಗ ಅವರಿಗೆ ಇನ್ನೂ ಇಪ್ಪತ್ತು ವರ್ಷ.

ಇಂತಹ ಪುಸ್ತಕದ ಅಗತ್ಯ ಎಷ್ಟಿದ್ದಿತೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಬಾಣಬಿರುಸು ಮೇಲೇರುವುದನ್ನು ಕಂಡವರು, ಅದು ಹಿಂದಿನ ಗಾಳಿಯನ್ನು ತಳ್ಳಿ ಮುಂದೆ ಸಾಗುತ್ತದೆಂದು ಭಾವಿಸುವುದುಂಟು. ಹಾಗಿದ್ದಲ್ಲಿ ಗಾಳಿಯಿಲ್ಲದ ವ್ಯೋಮದಲ್ಲಿ ರಾಕೆಟ್ಟು ಚಲಿಸಲಾರದು. ನಿಜಾಂಶ ಬೇರೆ. ರಾಕೆಟ್ಟಿನೊಳಗೆ ಉರಿದ ಇಂಧನದ ಅನಿಲವು ರಭಸದಿಂದ ಹಿಂದಕ್ಕೆ ಚಿಮ್ಮಿದಾಗ, ಅದರ ಪ್ರತಿಕ್ರಿಯೆಯಾಗಿಯೇ ರಾಕೆಟ್ಟು ಮುಂದಕ್ಕೆ ತಳ್ಳಲ್ಪಡುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಇದಕ್ಕೆ ಹೊರಗಿನ ಗಾಳಿಯ ಆಸರೆ ಬೇಕಿಲ್ಲ. ಆದರೂ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ ಸಂಪಾದಕೀಯದಲ್ಲಿ ರಾಬರ್ಟ್ ಗೊಡ್ಡಾರ್ಡ್ ಎಂಬ ವಿಜ್ಞಾನಿಯನ್ನು ಇದೇ ವಿಷಯದಲ್ಲಿ ಹಾಸ್ಯಮಾಡಿದ್ದಿತು. ಆ ತಪ್ಪನ್ನು ಅದು ಒಪ್ಪಿಕೊಂಡದ್ದು 1969ರ ಜುಲೈ 17ರಂದು, ಚಂದ್ರಯಾತ್ರಿಗಳು ಹೊರಟ ಮರುದಿನ.

1927ರಲ್ಲಿ ಜರ್ಮನಿಯಲ್ಲಿ ವ್ಯೋಮಯಾನಾಸಕ್ತರ ಸಂಘವೊಂದು ಸ್ಥಾಪನೆಯಾಯಿತು. ಲೇ ಅದರ ಆದ್ಯ ಸದಸ್ಯರಲ್ಲೊಬ್ಬರು. ಮುಂದೆ ಉಪಾಧ್ಯಕ್ಷರೂ ಆದರು. 1930ರಲ್ಲಿ ಈ ಸಂಘವು ಬರ್ಲಿನ್ನಿನ ಹೊರವಲಯದಲ್ಲಿದ್ದ ಹಳೆಯ ಮದ್ದುಗುಂಡಿನ ಉಗ್ರಾಣವೊಂದನ್ನು ಪಡೆದು ದ್ರವ ಇಂಧನದ ರಾಕೆಟ್ಟುಗಳನ್ನು ಪ್ರಯೋಗಿಸತೊಡಗಿತು. ಅಲ್ಲಿ ದುಡಿದ ತರುಣರಲ್ಲಿ ವೆರ್ನರ್ ಫಾನ್ ಬ್ರೌನ್ ಎಂಬಾತನೂ ಇದ್ದನು. ಹಣವಿಲ್ಲ, ಉಪಕರಣಗಳಿಲ್ಲ; ಉತ್ಸಾಹವೊಂದೇ ಬಂಡವಾಳ. ಈ ದಿನಗಳ ಯಶಸ್ಸು ವೈಫಲ್ಯಗಳನ್ನು ಪ್ರತ್ಯಕ್ಷ ಕಂಡ ಲೇ, ಮುಂದೆ ಅವುಗಳ ಚರಿತ್ರಕಾರರಾದರು.

ಸೈನ್ಯವು ಈ ಪ್ರಯೋಗಗಳ ಮೇಲೆ ಕಣ್ಣಿಟ್ಟಿದ್ದಿತು. 1932ರಲ್ಲಿ ಬ್ರೌನ್ ಸೈನ್ಯದ ರಾಕೆಟ್ ಕಾರ್ಯಕ್ಕೆ ಸೇರಿದನು. 1933ರಲ್ಲಿ ಹಿಟ್ಲರನ ಆಳ್ವಿಕೆ ಪ್ರಾರಂಭವಾಯಿತು. ಸಂಘವು ಕುಸಿಯಿತು, ರಾಕೆಟ್ ವಿಷಯವಾಗಿ ಮುಕ್ತವಾಗಿ ಬರೆಯುವುದು ದುಸ್ತರವಾಯಿತು. ಲೇ ಅವರ ಮುಂದೆ ಎರಡು ದಾರಿಗಳಿದ್ದವು: ಬಾಯಿಮುಚ್ಚಿ ನಾಡಿನಲ್ಲಿರುವುದು, ಇಲ್ಲವೇ ನಾಡನ್ನು ತೊರೆದು ಬರೆಯುವುದು. 1935ರಲ್ಲಿ ಅವರು ಹುಟ್ಟಿದ ನಾಡನ್ನೂ ತಾಯ್ನುಡಿಯ ಓದುಗರನ್ನೂ ಬಿಟ್ಟು ಅಮೆರಿಕಕ್ಕೆ ತೆರಳಿದರು. ಲೇಖಕನಿಗೆ ಭಾಷೆಯನ್ನೇ ಬದಲಿಸಿಕೊಳ್ಳುವುದು ಸಾಮಾನ್ಯ ತ್ಯಾಗವಲ್ಲ.

1944ರಲ್ಲಿ ಅವರ ಮಹತ್ವದ ಗ್ರಂಥ 'ರಾಕೆಟ್ಸ್' ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರೌನ್ ತಂಡದ ವಿ-2 ರಾಕೆಟ್ಟುಗಳು ಲಂಡನ್ನಿನ ಮೇಲೆ ಬೀಳತೊಡಗಿದವು. ಲೇ ತಮ್ಮ ಗ್ರಂಥವನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. 1947ರ ಆವೃತ್ತಿಯ ಹೆಸರಿಗೆ ವ್ಯೋಮಯಾನ ಸೇರಿತು. 1951ರಲ್ಲಿ ಕ್ಷಿಪಣಿಗಳು ಸೇರಿದವು. 1968ರಲ್ಲಿ ವ್ಯೋಮದಲ್ಲಿನ ಮಾನವನೂ ಸೇರಿದನು. ಹೀಗೆ ಒಂದು ಪುಸ್ತಕದ ಹೆಸರಿನಲ್ಲಿಯೇ ಕಾಲು ಶತಮಾನದ ಚರಿತ್ರೆ ಅಡಕವಾಗಿದೆ.

ಈ ಗ್ರಂಥವು ಕನ್ನಡ ನಾಡಿಗೂ ಸಂಬಂಧಿಸಿದೆ. ರಾಕೆಟ್ಟಿನ ಪೂರ್ವೇತಿಹಾಸವನ್ನು ಹೇಳುವಾಗ ಲೇ ಅವರು ಮೈಸೂರಿನ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ರಾಕೆಟ್ ಪಡೆಗಳನ್ನು ಉಲ್ಲೇಖಿಸಿದ್ದಾರೆ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದುದು ಈ ರಾಕೆಟ್ಟುಗಳ ವೈಶಿಷ್ಟ್ಯ. ಕೊಳವೆ ಗಟ್ಟಿಯಿದ್ದಷ್ಟೂ ಒಳಗಿನ ಒತ್ತಡ ಹೆಚ್ಚಾಗಿ, ರಾಕೆಟ್ಟು ದೂರ ಹಾರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕೆಲವು ರಾಕೆಟ್ಟುಗಳು ಇಂಗ್ಲೆಂಡಿಗೆ ಸಾಗಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳಿಂದ ಪ್ರೇರಣೆ ಪಡೆದು ಹೊಸ ರಾಕೆಟ್ಟುಗಳನ್ನು ರೂಪಿಸಿದನು.

ಯುದ್ಧಾನಂತರ ಲೇ ಅವರ ಕೀರ್ತಿ ಹಬ್ಬಿತು. 1949ರಲ್ಲಿ ಚೆಸ್ಲಿ ಬೋನ್‌ಸ್ಟೆಲ್ ಅವರ ಚಿತ್ರಗಳೊಡನೆ 'ವ್ಯೋಮವಿಜಯ'ವೆಂಬ ಅರ್ಥದ ಪುಸ್ತಕ ಬಂದಿತು. 1952ರಲ್ಲಿ ಆರಂಭವಾದ ಕೊಲಿಯರ್ಸ್ ಪತ್ರಿಕೆಯ ಲೇಖನಮಾಲೆಯಲ್ಲಿಯೂ, 1955ರಲ್ಲಿ ಡಿಸ್ನಿಯವರು ದೂರದರ್ಶನಕ್ಕಾಗಿ ಸಿದ್ಧಪಡಿಸಿದ ಚಿತ್ರದಲ್ಲಿಯೂ ಅವರು ಭಾಗವಹಿಸಿದರು.

ಲೇ ಅವರ ಬರವಣಿಗೆಗೂ ಮಿತಿಯುಂಟು. ಯುದ್ಧದ ನಂತರ ಅಮೆರಿಕಕ್ಕೆ ಬಂದ ಬ್ರೌನ್ ಮತ್ತೆ ಅವರ ಒಡನಾಡಿಯಾದರು. ಇಬ್ಬರೂ ಕೂಡಿ ಪುಸ್ತಕಗಳನ್ನು ರಚಿಸಿದರು. ಆದರೆ ವಿ-2 ರಾಕೆಟ್ಟುಗಳ ನಿರ್ಮಾಣದಲ್ಲಿ ಡೋರಾ ಶಿಬಿರದ ಸಾವಿರಾರು ಬಂದಿಗಳು ಪ್ರಾಣತೆತ್ತಿದ್ದರು. ಆ ಕಾಲದ ಜನಪ್ರಿಯ ಗ್ರಂಥಗಳಲ್ಲಿ ಯಂತ್ರದ ವೈಭವಕ್ಕೆ ದೊರೆತ ಸ್ಥಾನ ಆ ದುಃಖಕ್ಕೆ ದೊರೆಯಲಿಲ್ಲ. ಮೈಕೆಲ್ ನ್ಯೂಫೆಲ್ಡ್ ಅವರು 1995ರ ತಮ್ಮ ಗ್ರಂಥದಲ್ಲಿ ದಾಖಲೆಗಳನ್ನು ಶೋಧಿಸಿ ಈ ವಿಷಯವನ್ನು ವಿಶದಪಡಿಸಿದರು. ಕಣ್ಣಾರೆ ಕಂಡವರ ಬರಹವು ಚರಿತ್ರೆಗೆ ಅಗತ್ಯ. ಆದರೆ ಅದೊಂದೇ ಸಾಲದು. ಸ್ನೇಹವು ಮರೆಮಾಡಿದುದನ್ನು ದಾಖಲೆಯು ತೆರೆದಿಡಬೇಕಾಗುತ್ತದೆ.

ಲೇ ಅವರ ನಿಧನಾನಂತರ ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರನ್ನಿಡಲಾಯಿತು. ಅದು ಭೂಮಿಗೆ ಕಾಣದ, ಚಂದ್ರನ ಹಿಂಬದಿಯಲ್ಲಿದೆ. ಅವರು ರಾಕೆಟ್ಟನ್ನೇರಲಿಲ್ಲ, ಹೊಸ ಸಮೀಕರಣವನ್ನು ಕಂಡುಹಿಡಿಯಲಿಲ್ಲ. ಬಲ್ಲವರ ವಿದ್ಯೆಯನ್ನು ತಾವು ಶ್ರಮಪಟ್ಟು ಅರಿತು, ಅರಿತುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿದರು. ಹಾಗೆ ಹೇಳುವ ಸ್ವಾತಂತ್ರ್ಯಕ್ಕಾಗಿ ಮನೆಮಠವನ್ನೂ ಬಿಟ್ಟರು. ಜ್ಞಾನವನ್ನು ಗಳಿಸುವುದು ಎಷ್ಟು ಮುಖ್ಯವೋ ಅದನ್ನು ಹಂಚುವುದೂ ಅಷ್ಟೇ ಮುಖ್ಯವೆಂಬುದನ್ನು ವಿದ್ಯಾರ್ಥಿಗಳು ಈ ಜೀವನದಿಂದ ಗ್ರಹಿಸಬಹುದಾಗಿದೆ.